ಒಂದೇ ರ್ಯಾಕ್ ಮಣೂಕ ಒಣಗಿಸಿದ್ದಕ್ಕೆ ಇಂಗ್ಲಿಷಲ್ಲಿ ಏನಂತ ಬರೆಯೋದು? ಪೈಲಟ್ಟಾ, ಎಕ್ಸ್‌ಪ್ಲೊರೇಟರಿನಾ?

ತಿಕೋಟಾ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಜಿಲ್ಲೆ ತಿಕೋಟಾ ಕಡೆಯವನು. ಮನೆಯಲ್ಲಿ ದ್ರಾಕ್ಷಿ ತೋಟ ಇದೆ, ಮಣೂಕ (ಒಣದ್ರಾಕ್ಷಿ) ಮಾಡುತ್ತೇವೆ. ಪ್ರಶ್ನೆ ಮಾತ್ರ ಇಂಗ್ಲಿಷ್ ಶಬ್ದದ್ದು. ಹಿಂದಿನ ಕಥೆ ಹೇಳದೆ ಕೇಳಿದರೆ ನಿಮಗೆ ತಲೆಬುಡ ಗೊತ್ತಾಗೋದಿಲ್ಲ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಮ್ಮ ಕಡೆ ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದಿ, ಶೆಡ್ಡಿನೊಳಗೆ ರ್ಯಾಕ್ ಮೇಲೆ ಬಲೆ ಹಾಸಿ ಹರಡುತ್ತಾರೆ. ನೆರಳಲ್ಲಿ ಗಾಳಿಗೆ ಒಣಗಬೇಕು. ಹದಿನೈದು ದಿನ ಬೇಕು, ಕೆಲವು ಸಲ ಇನ್ನೂ ಜಾಸ್ತಿ. ಅಷ್ಟರಲ್ಲಿ ಒಂದು ಅಕಾಲ ಮಳೆ ಬಂತೋ, ಬಣ್ಣ ಹೋಯಿತು. ಬಣ್ಣ ಹೋದರೆ ರೇಟೂ ಹೋಯಿತು. ಹೋದ ಮಾರ್ಚ್‌ನಲ್ಲಿ ನಾನೂ ನನ್ನ ಗೆಳೆಯನೂ ಒಂದು ರ್ಯಾಕಿಗೆ ಮಾತ್ರ ಪಾಲಿಥಿನ್ ಹಾಳೆ ಸುತ್ತಿ, ಕೆಳಗಿಂದ ಗಾಳಿ ಬಂದು ಮೇಲಿಂದ ಹೋಗೋ ಹಾಗೆ ಜಾಗ ಬಿಟ್ಟು, 300 ಕಿಲೋ ಹಣ್ಣು ಹಾಕಿದೆವು. ಅಪ್ಪ ದೂರ ನಿಂತು "ನೋಡ್ರಪಾ, ಆದ್ರ ಆತು, ಇಲ್ಲಾಂದ್ರ ಒಂದ್ ರ್ಯಾಕ್ ಹೋತು" ಅಂದರು. ಆ ರ್ಯಾಕ್ 11 ದಿನಕ್ಕೆ ಒಣಗಿತು. ಪಕ್ಕದ ತೆರೆದ ರ್ಯಾಕಿಗೆ 16 ದಿನ ಬೇಕಾಯಿತು. ಆದರೆ ಮುಚ್ಚಿದ ರ್ಯಾಕಿನ ಮೇಲಿನ ಎರಡು ಅಂತಸ್ತಿನ ಹಣ್ಣು ಕಂದು ಬಣ್ಣಕ್ಕೆ ತಿರುಗಿತು. ಥರ್ಮಾಮೀಟರ್ ಇಟ್ಟಿರಲಿಲ್ಲ. ತೂಕ ಬರೆದಿಟ್ಟದ್ದೂ ಮೊದಲ ದಿನ ಮತ್ತು ಕೊನೇ ದಿನ, ಅಷ್ಟೇ.

ಈಗ ಒಂದು ಸಣ್ಣ ಅನುದಾನಕ್ಕೆ ಎರಡು ಪುಟ ಇಂಗ್ಲಿಷಲ್ಲಿ ಬರೆದು ಕೊಡಬೇಕು. ಮೊದಲು ರಿಸರ್ಚ್ ಅಂತ ಬರೆದೆ. ನನಗೆ ಕಲಿಸಿದ ಸರ್ ಒಬ್ಬರಿಗೆ ತೋರಿಸಿದರೆ ಅದನ್ನು ಹೊಡೆದು ಹಾಕಿದರು. ಎಕ್ಸ್‌ಪೆರಿಮೆಂಟ್ ಅಂತ ಮಾಡಿದೆ, ಅದಕ್ಕೂ ಗೆರೆ. ಕೊನೆಗೆ ಪೈಲಟ್ ಸ್ಟಡಿ ಅಂತ ಮಾಡಿದೆ. ಅದರ ಪಕ್ಕ "ಪೈಲಟ್ ಯಾವುದಕ್ಕೆ?" ಅಂತ ಬರೆದು ವಾಪಸ್ ಕೊಟ್ಟರು. ಅವರನ್ನೇ ಕೇಳೋಣ ಅಂದರೆ "ನೀನೇ ಯೋಚನೆ ಮಾಡು" ಅನ್ನುತ್ತಾರೆ. ಹುಡುಕಿದರೆ ಎಕ್ಸ್‌ಪ್ಲೊರೇಟರಿ, ಪ್ರಿಲಿಮಿನರಿ, ಟೆಂಟೇಟಿವ್, ಫೀಸಿಬಿಲಿಟಿ, ನೇಸೆಂಟ್, ಪ್ರೂಫ್ ಆಫ್ ಕಾನ್ಸೆಪ್ಟ್ ಅಂತ ಒಂದು ಸಂತೆಯೇ ಸಿಗುತ್ತದೆ. ಡಿಕ್ಷನರಿ ತೆಗೆದರೆ ಎಲ್ಲಕ್ಕೂ "ಪ್ರಾಥಮಿಕ", ಇಲ್ಲವೆಂದರೆ "ಪ್ರಾಯೋಗಿಕ". ಇವೆಲ್ಲ ಒಂದೇನಾ? ಒಂದೇ ಅಲ್ಲದಿದ್ದರೆ ನಾವು ಮಾಡಿದ್ದು ಯಾವುದು?


ಬಾಗಲಕೋಟೆ_ಉಳ್ಳಾಗಡ್ಡಿ

ತಮ್ಮಾ, ನಿಮ್ಮ ಸರ್ ಕೇಳಿದ್ದು ಸರಿಯಾಗೇ ಇದೆ. ಅದೇ ಪ್ರಶ್ನೆಗೆ ನಾನು ಒಮ್ಮೆ ಎಲ್ಲರ ಮುಂದೆ ನಿಂತು ಬಾಯಿ ಬಿಡದೆ ಇದ್ದವಳು, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಉಳ್ಳಾಗಡ್ಡಿ ಸಂಗ್ರಹದ ಮೇಲೆ ಕೆಲಸ ಮಾಡುತ್ತಿದ್ದೆ. ಶುರುವಿನಲ್ಲಿ ಒಬ್ಬ ರೈತರ ಹೊಲದಲ್ಲಿ ಎರಡು ರಾಶಿ ಹಾಕಿ, ಒಂದರ ಕೆಳಗೆ ಬಿದಿರಿನ ತಟ್ಟೆ ಇಟ್ಟು, ಎಷ್ಟು ಕೊಳೆಯುತ್ತದೆ ಅಂತ ಸುಮ್ನೆ ಎಣಿಸಿದ್ದೆ. ವರದಿಯಲ್ಲಿ ಜಂಬದಿಂದ ಪೈಲಟ್ ಸ್ಟಡಿ ಅಂತ ಬರೆದೆ. ಪರೀಕ್ಷಕರು ಕೇಳಿದ್ದು ಒಂದೇ ಮಾತು: ಮುಖ್ಯ ಅಧ್ಯಯನ ಎಲ್ಲಿದೆ, ಅದರಲ್ಲಿ ಎಷ್ಟು ರಾಶಿ, ಎಣಿಸುವ ಪದ್ಧತಿ ಇದೇನಾ? ನನ್ನ ಹತ್ತಿರ ಮುಖ್ಯ ಅಧ್ಯಯನವೇ ಇರಲಿಲ್ಲ.

ಪೈಲಟ್ ಅಂದರೆ ಮುಂದೆ ಒಂದು ದೊಡ್ಡ ಕೆಲಸ ಇದೆ, ಅದರ ಪ್ಲಾನ್ ಆಗಲೇ ಕೈಯಲ್ಲಿದೆ, ಅದೇ ಪ್ಲಾನನ್ನು ಚಿಕ್ಕದಾಗಿ ಒಮ್ಮೆ ಓಡಿಸಿ ಎಲ್ಲಿ ತೊಡಕಾಗುತ್ತದೆ ನೋಡುವುದು. ನೀವು ಮುಂದಿನ ವರ್ಷ ಹತ್ತು ಶೆಡ್ಡಿನಲ್ಲಿ ಮಾಡಬೇಕು ಅಂತ ಎಲ್ಲ ಬರೆದಿಟ್ಟುಕೊಂಡು ಅದಕ್ಕೆ ಮುಂಚೆ ಒಂದರಲ್ಲಿ ಮಾಡಿದ್ದರೆ ಅದು ಪೈಲಟ್. ನೀವು ಹಾಗೆ ಮಾಡಿಲ್ಲ. ಫೀಸಿಬಿಲಿಟಿ ಇನ್ನೂ ಅಗಲ. "ಇದು ಆಗೋ ಮಾತಾ?" ಅನ್ನೋದಷ್ಟೇ ಅಲ್ಲಿನ ಪ್ರಶ್ನೆ. ಹಾಳೆ ಸಿಗುತ್ತದಾ, ಖರ್ಚು ತಾಳುತ್ತದಾ, ಕೂಲಿಯವರು ಒಪ್ಪುತ್ತಾರಾ, ಇವೆಲ್ಲ ಅದರೊಳಗೇ ಬರುತ್ತವೆ. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಂಡು ಬರೆಯುತ್ತಾರೆ. ವೈದ್ಯಕೀಯ ಸಂಶೋಧನೆಯಲ್ಲಿ ಈ ಗೊಂದಲ ಎಷ್ಟಿತ್ತು ಅಂದರೆ, ಚಿಕಿತ್ಸಾ ಪ್ರಯೋಗಗಳ ವರದಿ ಹೇಗೆ ಬರೆಯಬೇಕು ಅಂತ ಹೇಳೋ ಕನ್ಸಾರ್ಟ್ ಅನ್ನೋ ಮಾರ್ಗಸೂಚಿಗೆ 2016ರಲ್ಲಿ ಬರೇ ಪೈಲಟ್ ಮತ್ತು ಫೀಸಿಬಿಲಿಟಿಗಾಗಿಯೇ ಒಂದು ಭಾಗ ಸೇರಿಸಬೇಕಾಯಿತು. ಅದನ್ನು ಮಾಡಿದವರ ಲೆಕ್ಕದಲ್ಲಿ ಎಲ್ಲ ಪೈಲಟ್ಟೂ ಫೀಸಿಬಿಲಿಟಿನೇ, ಆದರೆ ಎಲ್ಲ ಫೀಸಿಬಿಲಿಟಿನೂ ಪೈಲಟ್ ಅಲ್ಲ.

ನೀವು ಮಾಡಿದ್ದು ಎಕ್ಸ್‌ಪ್ಲೊರೇಟರಿ. ಏನು ಕೇಳಬೇಕು ಅನ್ನೋದೇ ಗೊತ್ತಿಲ್ಲದೆ ಇಳಿದಿದ್ದೀರಿ. ತಪ್ಪು ಅಂತ ಹೇಳುತ್ತಿಲ್ಲ. ಇಳಿದದ್ದರಿಂದಲೇ ಒಂದು ಒಳ್ಳೇ ಪ್ರಶ್ನೆ ಸಿಕ್ಕಿದೆ: ಮೇಲಿನ ಅಂತಸ್ತು ಯಾಕೆ ಕಂದಾಯಿತು? ಶಾಖ ಮೇಲೆ ನಿಂತಿತಾ, ಬಿಸಿಲು ನೇರ ಬಿತ್ತಾ? ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ 1970ರ ದಶಕದಲ್ಲಿ ಇದನ್ನೇ ಬೇರೆ ಮಾಡಿ ತೋರಿಸಿದರು. ಎಕ್ಸ್‌ಪ್ಲೊರೇಟರಿ ಅನ್ನೋದು ಪತ್ತೇದಾರನ ಕೆಲಸ, ಸುಳಿವು ಹುಡುಕೋದು. ಕನ್‌ಫರ್ಮೇಟರಿ ಅನ್ನೋದು ನ್ಯಾಯಾಧೀಶನ ಕೆಲಸ, ಸಿಕ್ಕ ಸುಳಿವು ನಿಲ್ಲುತ್ತದಾ ಅಂತ ತೂಗೋದು. ನಿಮ್ಮ ಕೈಯಲ್ಲಿರೋದು ಸುಳಿವು.

ಪ್ರಿಲಿಮಿನರಿ ಅನ್ನೋದನ್ನು ಕೆಲಸಕ್ಕಿಂತ ಫಲಿತಾಂಶದ ಜೊತೆ ಬಳಸಿದರೆ ಚೆನ್ನ. ಪ್ರಿಲಿಮಿನರಿ ರಿಸಲ್ಟ್ಸ್ ಅಂದರೆ ಇನ್ನೂ ಬರೋದಿದೆ, ಸದ್ಯಕ್ಕೆ ಇಷ್ಟು ಅಂತ. ಟೆಂಟೇಟಿವ್ ಇರೋದು ತೀರ್ಮಾನಕ್ಕೆ ಇಲ್ಲವೇ ತಾರೀಖಿಗೆ. ಟೆಂಟೇಟಿವ್ ಎಕ್ಸ್‌ಪೆರಿಮೆಂಟ್ ಅಂತ ಬರೆಯಬೇಡಿ, ಹೆದರುತ್ತಾ ಮಾಡಿದ ಹಾಗೆ ಕೇಳುತ್ತದೆ.


ಜಮಖಂಡಿ_ಕಬ್ಬು

ಅಷ್ಟೆಲ್ಲ ಯಾಕ್ರೀ, ಟ್ರಯಲ್ ಅಂತ ಬರೀರಿ, ಮುಗೀತು. ನಮ್ಮ ಕಡೆ ಸಕ್ಕರೆ ಕಾರ್ಖಾನೆಯವರು ಸೀಸನ್ ಶುರುವಿಗೆ ಟ್ರಯಲ್ ಕ್ರಷಿಂಗ್ ಅಂತ ಮಾಡುತ್ತಾರೆ. ಅಲ್ಲಿ ಯಾರೂ ಸಂಶೋಧನೆ ಮಾಡೋದಿಲ್ಲ. ಮಷೀನೂ ಪೂರ್ತಿ, ಕಬ್ಬೂ ಪೂರ್ತಿ, ಎಲ್ಲಿ ಸೋರುತ್ತದೆ ನೋಡಿ ನಟ್ ಬಿಗಿ ಮಾಡೋದು ಅಷ್ಟೇ. ಟ್ರಯಲ್ ಅನ್ನೋ ಶಬ್ದ ನಮ್ಮ ಅಜ್ಜನಿಗೂ ಗೊತ್ತು.


ಬೆಳಗಾವಿ_ಕರಿಕೋಟು

ಕಬ್ಬಿನ ಅಣ್ಣಾವ್ರೇ, ಟ್ರಯಲ್ ಅಷ್ಟು ಹಗುರ ಅಲ್ಲ. ನಮ್ಮ ಕೋರ್ಟಿಗೆ ಬಂದು ನೋಡಿ. ನಿಮ್ಮಲ್ಲಿ ಟ್ರಯಲ್ ಅಂದರೆ ಎಲ್ಲಕ್ಕೂ ಮೊದಲು, ನಮ್ಮಲ್ಲಿ ಎಲ್ಲ ಆದ ಮೇಲೆ.

ಮೇಲೆ ಅಕ್ಕಾವ್ರು ಪತ್ತೇದಾರ, ನ್ಯಾಯಾಧೀಶ ಅಂದರಲ್ಲ, ಅದು ಕಾನೂನಿನಲ್ಲಿ ಅಕ್ಷರಶಃ ಹಾಗೇ ಇದೆ. ಪೊಲೀಸರು ಸಾಕ್ಷಿ ಕೂಡಿಸೋದು ಇನ್‌ವೆಸ್ಟಿಗೇಷನ್, ಕನ್ನಡದಲ್ಲಿ ತನಿಖೆ. ಮ್ಯಾಜಿಸ್ಟ್ರೇಟ್ ಅಥವಾ ಕೋರ್ಟ್ ನಡೆಸೋದು, ಆದರೆ ಇನ್ನೂ ಟ್ರಯಲ್ ಅಲ್ಲದ್ದು, ಇನ್‌ಕ್ವೈರಿ. ಅದಾದ ಮೇಲೆ ತಪ್ಪು ಮಾಡಿದನಾ ಇಲ್ಲವಾ ಅಂತ ತೀರ್ಮಾನ ಆಗೋದು ಟ್ರಯಲ್‌ನಲ್ಲಿ. ಮಜಾ ಏನಂದರೆ ಕನ್ನಡದಲ್ಲಿ ಇನ್‌ಕ್ವೈರಿಗೂ ವಿಚಾರಣೆ, ಟ್ರಯಲ್‌ಗೂ ವಿಚಾರಣೆ. ಸ್ಟೇಷನ್ನಿಗೆ ಕರೆದು ಕೂರಿಸಿದರೂ ಪೇಪರಿನಲ್ಲಿ ವಿಚಾರಣೆ. ನಮ್ಮ ಕಕ್ಷಿದಾರರು "ಸರ, ವಿಚಾರಣೆ ಮುಗೀತಲ್ರಿ" ಅಂತ ಫೋನ್ ಮಾಡಿದರೆ ಯಾವುದು ಮುಗೀತು ಅಂತ ಮೂರು ಸಲ ಕೇಳಬೇಕು.

ಇನ್ನೊಂದು ಇದೆ, ಪ್ರಿಲಿಮಿನರಿ ಎನ್‌ಕ್ವೈರಿ. 2024ರ ಜುಲೈ 1ರಿಂದ ಕ್ರಿಮಿನಲ್ ಕೇಸು ನಡೆಸೋ ಹಳೇ ಕಾನೂನು ಸಿಆರ್‌ಪಿಸಿ ಹೋಗಿ ಹೊಸದು ಬಿಎನ್‌ಎಸ್‌ಎಸ್ ಬಂತಲ್ಲ, ಅದರ 173(3)ರಲ್ಲಿ ಬರುತ್ತದೆ. ಮೂರು ವರ್ಷ ಅಥವಾ ಅದಕ್ಕಿಂತ ಜಾಸ್ತಿ, ಆದರೆ ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆ ಇರೋ ಅಪರಾಧದಲ್ಲಿ, ಡಿವೈಎಸ್‌ಪಿ ಅನುಮತಿ ತಗೊಂಡು, ಕೇಸಿನಲ್ಲಿ ಮೇಲ್ನೋಟಕ್ಕೆ ಹುರುಳಿದೆಯಾ ಅಂತ 14 ದಿನದೊಳಗೆ ನೋಡಬಹುದು. ಹುರುಳಿದ್ದರೆ ಮುಂದೆ ತನಿಖೆ. ಅಂದರೆ ತನಿಖೆ ಮಾಡಬೇಕಾ ಅಂತ ನೋಡೋದಕ್ಕೇ ಒಂದು ಹಂತ. ತಿಕೋಟಾದವರು ಮಾಡಿದ್ದು ನನ್ನ ಕಣ್ಣಿಗೆ ಅದರ ಹಾಗೇ ಕಾಣುತ್ತದೆ.

ಪ್ರೊವಿಜನಲ್ ಅನ್ನೋದನ್ನೂ ಯಾರಾದರೂ ಸೂಚಿಸುವ ಮುಂಚೆ ಹೇಳಿಬಿಡುತ್ತೇನೆ. ಅದು ಕಾಗದದ ಶಬ್ದ. ಡಿಗ್ರಿ ಬರೋವರೆಗೆ ಪ್ರೊವಿಜನಲ್ ಸರ್ಟಿಫಿಕೇಟ್ ಕೊಡುತ್ತಾರಲ್ಲ, ಹಾಗೆ. ಅಂತಿಮದ್ದು ಬರೋವರೆಗೆ ಇದು ನಡೆಯುತ್ತದೆ, ಬಂದ ಮೇಲೆ ಇದಕ್ಕೆ ಬೆಲೆ ಇಲ್ಲ. 1970ರ ಪೇಟೆಂಟ್ ಕಾಯ್ದೆಯಲ್ಲೂ ಪ್ರೊವಿಜನಲ್ ಅರ್ಜಿ ಹಾಕಬಹುದು, ಆದರೆ 12 ತಿಂಗಳೊಳಗೆ ಪೂರ್ತಿ ವಿವರ ಕೊಡದಿದ್ದರೆ ಅರ್ಜಿ ಕೈಬಿಟ್ಟ ಹಾಗೆ. ಪೇಟೆಂಟ್ ಯೋಚನೆ ಇದ್ದವರು ಊರಿಗೆಲ್ಲ ಹೇಳುವ ಮೊದಲು ಅರ್ಜಿ ಹಾಕಬೇಕು. ನೀವು ಆಗಲೇ ಇಲ್ಲಿ ಎಲ್ಲ ಬರೆದುಬಿಟ್ಟಿದ್ದೀರಿ. ಇರಲಿ, ಪಾಲಿಥಿನ್ ಮುಚ್ಚಿ ಬಿಸಿಲಿಗೆ ಒಣಗಿಸೋದು ಹೊಸದೇನೂ ಅಲ್ಲ.


ತಿಕೋಟಾ_ಹುಡುಗ

ಪೇಟೆಂಟ್ ಗೀಟೆಂಟ್ ಏನೂ ಇಲ್ಲ ಸರ್, ಹಾಳೆ ತಗೊಳ್ಳೋಕೆ ದುಡ್ಡು ಸಿಕ್ಕರೆ ಸಾಕು.

ಅಕ್ಕಾವ್ರೇ, ಒಂದು ಅನುಮಾನ. ಎಕ್ಸ್‌ಪ್ಲೊರೇಟರಿ ಅಂತ ಬರೆದರೆ "ಇವರಿಗೆ ಏನೂ ಗೊತ್ತಿಲ್ಲ" ಅಂತ ಅರ್ಜಿ ಪಕ್ಕಕ್ಕೆ ಇಡೋದಿಲ್ವಾ? ಸ್ವಲ್ಪ ತೂಕ ಇರೋ ಶಬ್ದ ಬೇಕು ಅನ್ನಿಸುತ್ತದೆ. ನೇಸೆಂಟ್ ಚೆಂದ ಕಾಣುತ್ತದೆ.


ಗೋಕಾಕ_ನಿವೃತ್ತ_ಮಾಸ್ತರ

ಮೂವತ್ತೈದು ವರ್ಷ ಇಂಗ್ಲಿಷ್ ಕಲಿಸಿದವನು ನಾನು. ಚೆಂದ ಕಾಣುತ್ತದೆ ಅಂತ ಶಬ್ದ ಆರಿಸಬೇಡಿ ಅಂತ ಮಕ್ಕಳಿಗೆ ಹೇಳಿ ಹೇಳಿ ಗಂಟಲು ಹೋಗಿದೆ.

ನೇಸೆಂಟ್ ಅಂದರೆ ಆಗ ತಾನೇ ಹುಟ್ಟಿದ್ದು. ಒಂದು ಉದ್ಯಮಕ್ಕೆ, ಒಂದು ಚಳವಳಿಗೆ ಹೇಳಬಹುದು. ನಿಮ್ಮ ಒಂದು ರ್ಯಾಕಿಗೆ ಅದು ದೊಡ್ಡ ಪಟಗ. ಫ್ಲೆಜ್ಲಿಂಗ್ ಅಂದರೆ ಈಗಷ್ಟೇ ರೆಕ್ಕೆ ಮೂಡಿದ ಹಕ್ಕಿಮರಿ, ಹೊಸ ಕಂಪನಿಗೆ ಸರಿ. ಎಂಬ್ರಿಯಾನಿಕ್ ಅಂದರೆ ಇನ್ನೂ ಹೊಟ್ಟೆಯಲ್ಲೇ ಇದೆ. ರುಡಿಮೆಂಟರಿ, ಕ್ರೂಡ್ ಅಂತ ನಿಮ್ಮ ಕೆಲಸಕ್ಕೆ ನೀವೇ ಬರೆದರೆ ವಿನಯ, ಬೇರೆಯವರು ಬರೆದರೆ ಬೈಗುಳ. ಹಾಫ್ ಬೇಕ್ಡ್ ಅಂತೂ ಎಲ್ಲಿ ಹೋದರೂ ಬೈಗುಳವೇ. ಅರೆಬೆಂದದ್ದನ್ನು ಯಾರು ತಿನ್ನುತ್ತಾರೆ?

ಇನ್ನು ನನಗೆ ಇಷ್ಟವಾದ ಮಾತಿಗೆ ಬರುತ್ತೇನೆ, ಬೇಸರವಾದರೆ ಬಿಟ್ಟು ಮುಂದೆ ಓದಿ. ಈ ಶಬ್ದಗಳ ಬೇರು ನೋಡಿದರೆ ಅರ್ಥ ಮರೆಯೋದೇ ಇಲ್ಲ. ಪ್ರಿಲಿಮಿನರಿಯಲ್ಲಿ ಲಿಮೆನ್ ಅನ್ನೋ ಲ್ಯಾಟಿನ್ ಶಬ್ದ ಇದೆ. ಹೊಸ್ತಿಲು ಅಂತ ಅರ್ಥ. ಹೊಸ್ತಿಲಿಗೆ ಮುಂಚಿನದು ಪ್ರಿಲಿಮಿನರಿ. ಅಂದರೆ ಒಳಗೆ ಮನೆ ಇದೆ, ನೀವು ಇನ್ನೂ ಕಟ್ಟೆ ಮೇಲೆ ಇದ್ದೀರಿ. ಅದೇ ಹೊಸ್ತಿಲಿನಿಂದ ಆಚೆ ದಬ್ಬಿದರೆ ಎಲಿಮಿನೇಟ್. ಪಿಯುಸಿ ಮಕ್ಕಳಿಗೆ ಇದನ್ನು ಹೇಳಿದರೆ ಎರಡೂ ಶಬ್ದ ಜನ್ಮಕ್ಕೂ ಮರೆಯುತ್ತಿರಲಿಲ್ಲ.

ಇನ್‌ವೆಸ್ಟಿಗೇಟ್ ಅನ್ನೋದರಲ್ಲಿ ವೆಸ್ಟಿಜಿಯಂ ಇದೆ, ಹೆಜ್ಜೆ ಗುರುತು. ಹೆಜ್ಜೆ ಹಿಡಿದು ಹೋಗೋದು. ತಪ್ಪಿಸಿಕೊಂಡ ಎತ್ತಿನ ಜಾಡು ಹಿಡಿದು ಹೋಗುತ್ತಾರಲ್ಲ, ಹಾಗೇ. ಅಲ್ಲಿ ಮುಂದೆ ಯಾವುದೋ ಒಂದು ಹೋಗಿದೆ ಅನ್ನೋದು ಖಾತ್ರಿ. ಎಕ್ಸ್‌ಪ್ಲೋರ್ ಮಾಡುವವನಿಗೆ ಆ ಖಾತ್ರಿಯೂ ಇರುವುದಿಲ್ಲ. ಟೆಂಟೇಟಿವ್ ಬಂದದ್ದು ಮುಟ್ಟಿ ನೋಡು, ಪ್ರಯತ್ನಿಸು ಅನ್ನೋ ಕ್ರಿಯಾಪದದಿಂದ. ಬಸವನಹುಳುವಿನ ಮೀಸೆಯಂಥ ಟೆಂಟಕಲ್ ಕೂಡ ಅದರ ಅಣ್ಣತಮ್ಮನೇ. ಪೈಲಟ್ ಮೂಲದಲ್ಲಿ ಹಡಗಿನವನು, ವಿಮಾನದವನಲ್ಲ. ಗ್ರೀಕರ ಚುಕ್ಕಾಣಿ ಹುಟ್ಟಿನ ಹೆಸರಿನಿಂದ ಇಟಲಿ, ಫ್ರಾನ್ಸ್ ಸುತ್ತಿ 16ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಮಂಗಳೂರು ಬಂದರಿನಲ್ಲಿ ಇವತ್ತಿಗೂ ಪೈಲಟ್ ಇದ್ದಾನೆ. ದೊಡ್ಡ ಹಡಗಿಗೆ ಹತ್ತಿ, ಆಳ ಎಲ್ಲಿದೆ ಅಂತ ನೋಡಿಕೊಂಡು ಒಳಗೆ ತರುತ್ತಾನೆ. ಉಳ್ಳಾಗಡ್ಡಿ ತಂಗಿ ಹೇಳಿದ್ದು ಇದರಲ್ಲೇ ಇದೆ. ಹಿಂದೆ ದೊಡ್ಡ ಹಡಗೇ ಇಲ್ಲದಿದ್ದರೆ ಪೈಲಟ್ ಯಾಕೆ?

ಕೊನೆಗೆ ಒಂದು, ನಿಮ್ಮಂಥ ಹೊಲದ ಮಕ್ಕಳಿಗಾಗಿ. ಇನ್‌ಕೋಯೇಟ್ ಅಂತ ಒಂದು ಶಬ್ದ ಇದೆ. ಈಗಷ್ಟೇ ಶುರುವಾಗಿ ಇನ್ನೂ ರೂಪ ಸಿಗದೆ ಇರೋದು ಅಂತ ಅರ್ಥ. ಅದರ ಬೇರಿನಲ್ಲಿ ಕೊಹಂ ಅನ್ನೋ ಶಬ್ದ ಇದೆ ಅಂತ ಹಳಬರು ಹೇಳುತ್ತಾ ಬಂದಿದ್ದಾರೆ. ಅದು ನೊಗಕ್ಕೆ ಕಟ್ಟೋ ಪಟ್ಟಿ, ನಮ್ಮ ಮಿಣಿ ಇದ್ದ ಹಾಗೆ. ಎತ್ತು ಹೂಡಿ ಆಯಿತು, ಮಿಣಿ ಬಿಗಿದೂ ಆಯಿತು, ಸಾಲು ಮಾತ್ರ ಇನ್ನೂ ಒಂದೂ ಹೊಡೆದಿಲ್ಲ. ಎಷ್ಟು ಚೆಂದ ಅಲ್ವಾ? ಆದರೆ ಅರ್ಜಿಯಲ್ಲಿ ಬರೆಯಬೇಡಿ, ಓದುವವರಿಗೆ ಗೊತ್ತಿರೋದಿಲ್ಲ.


ಉದ್ಯಮಬಾಗ_ಫೌಂಡ್ರಿ

ಮಾಸ್ತರ, ನಿಮ್ಮ ಕ್ಲಾಸಿನಲ್ಲಿ ಕೂರಬೇಕಿತ್ತು ನಾನು.

ನಮ್ಮ ಬೆಳಗಾವಿ ಫೌಂಡ್ರಿಗಳಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹುಯ್ಯೋ ಕಾರ್ಖಾನೆಗಳಲ್ಲಿ, ಈ ಹಂತಗಳಿಗೆ ದುಡ್ಡಿನ ಲೆಕ್ಕ ಇದೆ, ಅದಕ್ಕೆ ಯಾರೂ ತಪ್ಪು ಶಬ್ದ ಬಳಸೋದಿಲ್ಲ. ಹೊಸ ಪಾರ್ಟ್ ಬಂದರೆ ಪ್ಯಾಟರ್ನ್ ಮಾಡಿ ಮೊದಲು ಸ್ಯಾಂಪಲ್ ಹುಯ್ಯುತ್ತೇವೆ, ಎರಡೋ ಮೂರೋ ಪೀಸ್. ಕೊಯ್ದು ಒಳಗೆ ಗಾಳಿ ಗುಳ್ಳೆ ಇದೆಯಾ ನೋಡುತ್ತೇವೆ, ಅಳತೆ ಹಿಡಿಯುತ್ತೇವೆ. ಗಿರಾಕಿ ಒಪ್ಪಿದ ಮೇಲೆ ಪೈಲಟ್ ಲಾಟ್. ಅದು ಮುಂದೆ ದಿನಾ ನಡೆಯೋ ಅದೇ ಲೈನಿನಲ್ಲಿ, ಅದೇ ಮರಳಿನಲ್ಲಿ, ಅದೇ ಕೆಲಸಗಾರರ ಕೈಯಿಂದ ಆಗಬೇಕು. ಸ್ಯಾಂಪಲ್ಲನ್ನು ಹಿರಿಯ ಮೇಸ್ತ್ರಿ ಒಬ್ಬರು ಮುದ್ದು ಮಾಡಿ ಹುಯ್ದಿರಬಹುದು. ಪೈಲಟ್ ಲಾಟ್‌ನಲ್ಲಿ ಆ ಮುದ್ದು ನಡೆಯೋದಿಲ್ಲ. ಅದು ಪಾಸಾದರೆ ಬಲ್ಕ್.

ಪ್ರೂಫ್ ಆಫ್ ಕಾನ್ಸೆಪ್ಟ್‌ಗೂ ಪ್ರೊಟೊಟೈಪ್‌ಗೂ ವ್ಯತ್ಯಾಸ ಯಾರೂ ಹೇಳಿಲ್ಲ, ಹೇಳುತ್ತೇನೆ. ಮುಚ್ಚಿದರೆ ಬೇಗ ಒಣಗುತ್ತದೆ ಅನ್ನೋ ವಿಚಾರ ನಿಜವಾ ಅಂತ ತೋರಿಸೋದು ಪ್ರೂಫ್ ಆಫ್ ಕಾನ್ಸೆಪ್ಟ್. ಅದಕ್ಕೆ ಹಳೇ ಹಾಳೆ, ಸುತಳಿ, ಬಿದಿರು ಏನಿದ್ದರೂ ನಡೆಯುತ್ತದೆ, ನೋಡೋಕೆ ಕೆಟ್ಟದಾಗಿದ್ದರೂ ಪರವಾಗಿಲ್ಲ. ಪ್ರೊಟೊಟೈಪ್ ಅಂದರೆ ಮುಂದೆ ಮಾರೋ ಅಥವಾ ಕಟ್ಟೋ ವಸ್ತುವಿನ ಮೊದಲ ರೂಪ. ಬಾಗಿಲು ಎಲ್ಲಿ, ಗಾಳಿ ಕಿಂಡಿ ಎಷ್ಟು ಅಗಲ, ಕೂಲಿ ಹೆಣ್ಣುಮಗಳು ಬಗ್ಗದೆ ಹಣ್ಣು ಹಾಕಬಹುದಾ, ಎಲ್ಲ ಅದರಲ್ಲಿ ಇರಬೇಕು. ನೀವು ಕೇಳುತ್ತಿರೋದು ಸ್ಟಾರ್ಟಪ್ ಥರದ ಅನುದಾನ ಆದರೆ ಅವರಿಗೆ ಪ್ರೂಫ್ ಆಫ್ ಕಾನ್ಸೆಪ್ಟ್ ಅನ್ನೋ ಮಾತೇ ಬೇಕು. ನಮ್ಮ ರಾಜ್ಯ ಸರ್ಕಾರದ ಒಂದು ಯೋಜನೆಯ ಹೆಸರೇ ಐಡಿಯಾ ಟು ಪಿಒಸಿ. ಆದರೆ ಅಲ್ಲಿ ಪ್ರೂಫ್ ಅಂತ ಇದೆ ನೋಡಿ, ಒಂದೇ ರ್ಯಾಕಿಗೆ ಪ್ರೂಫ್ ಅಂದರೆ ಕೇಳೋರು ಕೇಳುತ್ತಾರೆ. ಮುಂದಿನ ಸೀಸನ್‌ಗೆ ಮಾಡೋದಕ್ಕೆ ಆ ಹೆಸರು ಇಟ್ಟುಕೊಳ್ಳಿ.


ಬಾಗಲಕೋಟೆ_ಉಳ್ಳಾಗಡ್ಡಿ

ಫೌಂಡ್ರಿಯವರು ಹೇಳಿದ್ದು ಸರಿ. ತಮ್ಮಾ, ನಿಮ್ಮ ಅನುಮಾನಕ್ಕೆ ಉತ್ತರ: ಅರ್ಜಿ ಓದುವವರು ಒಂದು ದಿನಕ್ಕೆ ಎಷ್ಟೋ ಪೈಲಟ್, ಎಷ್ಟೋ ಇನ್ನೊವೇಷನ್ ನೋಡಿರುತ್ತಾರೆ. ಅವರ ಕಣ್ಣು ಮೊದಲು ಹೋಗೋದು ಶಬ್ದಕ್ಕೂ ಕೆಳಗಿನ ಅಂಕಿಗೂ ತಾಳೆ ಆಗುತ್ತದಾ ಅಂತ. ಪೈಲಟ್ ಅಂತ ಮೇಲೆ ಬರೆದು ಕೆಳಗೆ ಒಂದು ರ್ಯಾಕ್, ಥರ್ಮಾಮೀಟರ್ ಇಲ್ಲ ಅಂತ ಇದ್ದರೆ ಅಲ್ಲೇ ಮುಗೀತು. ಎಕ್ಸ್‌ಪ್ಲೊರೇಟರಿ ಅಂತ ಬರೆದು ಅದೇ ಅಂಕಿ ಕೊಟ್ಟರೆ ಹೊಂದಿಕೊಳ್ಳುತ್ತದೆ, ಇನ್ನು ಮುಂದೆ ಏನು ಮಾಡುತ್ತೀರಿ ಅಂತ ಓದುತ್ತಾರೆ.

ಕ್ರಿಯಾಪದಗಳ ಕಡೆನೂ ಗಮನ ಇರಲಿ, ಎಲ್ಲರೂ ಎಡವೋದು ಅಲ್ಲೇ. ಟೆಸ್ಟ್ ಮಾಡಿದೆವು ಅಂದರೆ ಪಾಸು ಫೇಲಿಗೆ ಒಂದು ಗೆರೆ ಮೊದಲೇ ಹಾಕಿಕೊಂಡಿರಬೇಕು. ಅಸೆಸ್ ಅಂದರೆ ಏನನ್ನೋ ಅಳೆದಿರಬೇಕು. ಅಬ್ಸರ್ವ್ ಅಂದರೆ ನೋಡಿದ್ದು, ಅದು ನಿಮ್ಮ ಹತ್ತಿರ ಇದೆ. ಇನ್ನು ಡೆಮಾನ್‌ಸ್ಟ್ರೇಟ್ ಅನ್ನೋದರ ತಂಟೆಗೆ ಹೋಗಲೇಬೇಡಿ. ಕೃಷಿ ವಿಜ್ಞಾನ ಕೇಂದ್ರದವರು ರೈತರ ಹೊಲದಲ್ಲಿ ಎರಡು ಥರದ ಕೆಲಸ ಮಾಡುತ್ತಾರೆ. ಆನ್ ಫಾರ್ಮ್ ಟೆಸ್ಟಿಂಗ್ ಅಂದರೆ ಈ ತಂತ್ರ ಇಲ್ಲಿನ ಮಣ್ಣಿಗೆ, ಇಲ್ಲಿನ ಹವೆಗೆ ಒಗ್ಗುತ್ತದಾ ಅಂತ ನೋಡೋದು. ಫ್ರಂಟ್ ಲೈನ್ ಡೆಮಾನ್‌ಸ್ಟ್ರೇಷನ್ ಅಂದರೆ ಒಳ್ಳೇದು ಅಂತ ಆಗಲೇ ಗೊತ್ತಾಗಿರೋದನ್ನು ಹತ್ತು ಜನಕ್ಕೆ ತೋರಿಸೋದು. ನಿಮಗೆ ಇನ್ನೂ ಗೊತ್ತಾಗಿಲ್ಲ, ಹಂಗಾಗಿ ತೋರಿಸೋ ಮಾತೇ ಇಲ್ಲ. ಹಿಟ್ಟಿನಹಳ್ಳಿಯಲ್ಲಿ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇದೆ, ಒಮ್ಮೆ ಹೋಗಿ ಬನ್ನಿ.


ತಿಕೋಟಾ_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಕೂತು ಮತ್ತೆ ಬರೆದೆ. ಮೇಲೆ "ಆನ್ ಎಕ್ಸ್‌ಪ್ಲೊರೇಟರಿ ಟ್ರಯಲ್ ಆನ್ ಎ ಸಿಂಗಲ್ ರ್ಯಾಕ್" ಅಂತ ಹಾಕಿದ್ದೇನೆ. ಟ್ರಯಲ್ ಬಿಡೋಕೆ ಮನಸ್ಸಾಗಲಿಲ್ಲ, ಕಬ್ಬಿನ ಅಣ್ಣನಿಗೂ ಖುಷಿ ಆಗಲಿ. ಕೆಳಗೆ ಪ್ರಿಲಿಮಿನರಿ ಅಬ್ಸರ್ವೇಷನ್ಸ್ ಅಂತ ತಲೆಬರಹ ಕೊಟ್ಟು 11 ದಿನ, 16 ದಿನ, ಕಂದಾದ ಎರಡು ಅಂತಸ್ತು, ಥರ್ಮಾಮೀಟರ್ ಇಲ್ಲದ್ದು ಎಲ್ಲ ಇದ್ದದ್ದು ಇದ್ದ ಹಾಗೆ ಬರೆದೆ. ಅದರ ಮುಂದೆ, ಫೆಬ್ರವರಿಯಲ್ಲಿ ಮೂರು ಶೆಡ್ಡಿನಲ್ಲಿ, ಪ್ರತಿ ಶೆಡ್ಡಲ್ಲೂ ಒಂದು ಮುಚ್ಚಿದ್ದು ಒಂದು ತೆರೆದದ್ದು, ದಿನಾ ತೂಕ, ಮೂರು ಎತ್ತರದಲ್ಲಿ ಉಷ್ಣತೆ, ಇದಕ್ಕೆ ಪ್ರೂಫ್ ಆಫ್ ಕಾನ್ಸೆಪ್ಟ್ ಅಂತ ಹೆಸರು. "ದಿಸ್ ಶೋಸ್ ದಟ್ ಕವರಿಂಗ್ ರೆಡ್ಯೂಸಸ್ ಡ್ರೈಯಿಂಗ್ ಟೈಮ್" ಅಂತ ಒಂದು ಸಾಲಿನಿಂದ ಮುಗಿಸಿದ್ದೇನೆ. ಸರಿ ಇದೆಯಾ?

ಅಪ್ಪನಿಗೆ ಓದಿ ಹೇಳಿದೆ. "ನಾ ಅವತ್ತ ಹೇಳಿದ್ದ ಐತಲ್ಲೋ ಇದು" ಅಂದರು.


ಬಾಗಲಕೋಟೆ_ಉಳ್ಳಾಗಡ್ಡಿ

ಶೋಸ್ ತೆಗೆದು ಸಜೆಸ್ಟ್ಸ್ ಮಾಡಿ. ರೆಡ್ಯೂಸಸ್ ಅನ್ನೋದರ ಹಿಂದೆ ಒಂದು ಮೇ ಸೇರಿಸಿ, ಮೇ ರೆಡ್ಯೂಸ್. ಉಳಿದದ್ದು ಕಳಿಸಬಹುದು.

ನಮ್ಮಲ್ಲಿ ಎರಡು ಥರ್ಮಾಮೀಟರ್ ಸುಮ್ನೆ ಬಿದ್ದಿವೆ, ತೇವಾಂಶನೂ ತೋರಿಸುತ್ತವೆ. ಮೂರನೇದನ್ನು ನೀವು ಹೊಂದಿಸಿಕೊಳ್ಳಿ. ಸಂಕ್ರಾಂತಿ ಆದ ಮೇಲೆ ವಿಜಯಪುರಕ್ಕೆ ಬರೋರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ, ಸೀಸನ್ ಮುಗಿದ ಮೇಲೆ ವಾಪಸ್ ಬರಬೇಕು.


ಜಮಖಂಡಿ_ಕಬ್ಬು

ವಾಪಸ್ ಕಳಿಸುವಾಗ ಜೊತೆಗೆ ಎರಡು ಕಿಲೋ ಮಣೂಕ ಇಡ್ರಿ. ಕಂದಾದದ್ದು ಆದರೂ ನಡೆಯುತ್ತದೆ.